ರೂಪಾಯಿ ರೋಗಿಯವರೆಗೆ: ಕೊಳ್ಳುವವರಿಗೆ ಹನ್ನೆರಡು ಸೂತ್ರ

ಕುಮಟಾ, ಹೊನ್ನಾವರ, ಭಟ್ಕಳದ ಕಡೆ ಯಾರಿಗಾದರೂ ಎದೆ ಹಿಡಿದುಕೊಂಡರೆ, ತಲೆಗೆ ಪೆಟ್ಟು ಬಿದ್ದರೆ ಮನೆಯವರು ಮೊದಲು ಕೇಳುವುದು ಮಣಿಪಾಲವೋ ಮಂಗಳೂರೋ ಎಂದು. ಭಟ್ಕಳದಿಂದ ಉಡುಪಿಗೇ ಸುಮಾರು 90 ಕಿಲೋಮೀಟರ್. ಕುಮಟಾದವರಿಗೆ ಇನ್ನೂ ಐವತ್ತು-ಅರವತ್ತು ಹೆಚ್ಚು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕುಂದಾಪುರದ ಕಡೆ ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ತೀರಿಕೊಂಡರು. ನಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಆ ಹೊತ್ತಿನಲ್ಲಿ ಊರೂರಿನ ಮೊಬೈಲುಗಳಲ್ಲಿ ಎದ್ದಿತ್ತು.

ಆಸ್ಪತ್ರೆ ದೂರವಾದಷ್ಟೂ ಬಿಲ್ಲು ಉದ್ದ. ಗಾಡಿ ಬಾಡಿಗೆ, ಜೊತೆಗಿರುವವರ ರೂಮು, ಊಟ, ಕೈಬಿಟ್ಟ ಕೂಲಿ ಎಲ್ಲವೂ ಅದಕ್ಕೆ ಸೇರುತ್ತವೆ. ಹಾಗಾಗಿ ನಮ್ಮಲ್ಲಿ ಚಿಕಿತ್ಸೆಗೆ ಹಣ ಎತ್ತುವುದು ವರ್ಷವಿಡೀ ನಡೆಯುವ ಕೆಲಸ. ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕದ ಡಬ್ಬಿ, ಸಹಾಯಾರ್ಥ ಯಕ್ಷಗಾನ ಆಟದ ಟಿಕೆಟು, ವಾಟ್ಸ್ಯಾಪಿಗೆ ಬರುವ ಕ್ಯೂಆರ್ ಕೋಡು, ಇವುಗಳ ಜೊತೆಗೆ ಈಗ "ಇದರ ಒಂದು ಭಾಗ ಬಡ ರೋಗಿಗಳಿಗೆ" ಎಂದು ಬರೆದ ಸಾಮಾನುಗಳೂ ಬಂದಿವೆ. ಕೊಳ್ಳುವವರ ಮನಸ್ಸು ಒಳ್ಳೆಯದೇ. ಹಣ ಎಲ್ಲೆಲ್ಲಿ ಸೋರುತ್ತದೆ ಎಂದು ನೋಡುವ ಕಣ್ಣೊಂದು ಬೇಕು.

1. ಚೀಟಿ ಮೊದಲು, ಪುಣ್ಯ ಆಮೇಲೆ

ಮನೆಯಲ್ಲಿ ಬರೆದ ಸಾಮಾನು ಚೀಟಿಯಲ್ಲಿ ಇಲ್ಲದ್ದನ್ನು ದಾನದ ಹೆಸರಿನಲ್ಲಿ ತರಬೇಡಿ. ಹೇಗೂ ತರಬೇಕಿದ್ದ ಸಾಬೂನು, ಚಹಾಪುಡಿ, ನೋಟ್‌ಬುಕ್ಕುಗಳಲ್ಲಿ ಯಾವುದಾದರೂ ಚಿಕಿತ್ಸೆಗೆ ನೆರವಾಗುವಂಥದ್ದಿದ್ದರೆ ಅದನ್ನೇ ಆರಿಸಿ. ಬೇಡದ 200 ರೂಪಾಯಿಯ ಕ್ರೀಮು ಕೊಂಡು ರೋಗಿಗೆ 2 ರೂಪಾಯಿ ಕಳಿಸಿದರೆ ಉಳಿದ 198 ರೂಪಾಯಿ ನಿಮಗೂ ಇಲ್ಲ, ರೋಗಿಗೂ ಇಲ್ಲ.

2. "ಒಂದು ಭಾಗ" ಎಂದರೆ ಎಷ್ಟು?

ಪೊಟ್ಟಣ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ. ಮುಂಭಾಗದಲ್ಲಿ ನಗುವ ಮಗು, ದೊಡ್ಡ ಅಕ್ಷರದ ಭರವಸೆ, ಅದರ ತುದಿಯಲ್ಲಿ ಒಂದು ಪುಟ್ಟ ನಕ್ಷತ್ರ. ಆ ನಕ್ಷತ್ರದ ಜೋಡಿ ಹಿಂಭಾಗದಲ್ಲಿ, ಬೆಲೆ, ಬ್ಯಾಚ್ ನಂಬರುಗಳ ಸಂದಿಯಲ್ಲಿ, ಸಾಸಿವೆ ಕಾಳಿನ ಅಕ್ಷರದಲ್ಲಿ ಅಡಗಿರುತ್ತದೆ. ಓದಬೇಕಾದ್ದು ಅದನ್ನು. ಅಲ್ಲಿ ನಾಲ್ಕು ಸಂಗತಿ ಸಿಗಬೇಕು: ಒಂದು ಪೊಟ್ಟಣಕ್ಕೆ ಎಷ್ಟು ಹಣ, ಯಾವ ಸಂಸ್ಥೆಗೆ, ಯಾವ ತಾರೀಖಿನವರೆಗೆ, ಒಟ್ಟು ಎಷ್ಟು ಮೊತ್ತಕ್ಕೆ ನಿಲ್ಲುತ್ತದೆ.

ಕೊನೆಯದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಕಂಪನಿ ಮೊದಲೇ ಒಂದು ಮೇಲ್ಮಿತಿ ಇಟ್ಟುಕೊಂಡಿದ್ದರೆ, ಆ ಗುರಿ ಮುಟ್ಟಿದ ಮೇಲೆ ನೀವು ಕೊಂಡ ಪೊಟ್ಟಣದಿಂದ ಒಂದು ಪೈಸೆಯೂ ಹೋಗುವುದಿಲ್ಲ. ನಗುವ ಮಗು ಮಾತ್ರ ಹಾಗೇ ಇರುತ್ತದೆ.

ಒಳ್ಳೆಯ ಉದಾಹರಣೆಗೆ ದೂರ ಹೋಗಬೇಕಿಲ್ಲ. ಬೆಂಗಳೂರಿನ ಹಿಮಾಲಯ ಕಂಪನಿ 2016ರಿಂದ ತನ್ನ ಲಿಪ್ ಬಾಮಿನ ಜೊತೆ 'ಮುಸ್ಕಾನ್' ಎಂಬ ಅಭಿಯಾನ ನಡೆಸಿದೆ. ನೆರವು ಸ್ಮೈಲ್ ಟ್ರೈನ್ ಸಂಸ್ಥೆಗೆ. ಆ ಸಂಸ್ಥೆ ಸೀಳುತುಟಿಯ ಮಕ್ಕಳಿಗೆ ಆಸ್ಪತ್ರೆಗಳ ಮೂಲಕ ಉಚಿತ ಶಸ್ತ್ರಚಿಕಿತ್ಸೆ ಮಾಡಿಸುತ್ತದೆ. ಒಂದು ಸಾಮಾನು, ಒಂದು ಸಂಸ್ಥೆ, ಒಂದು ನಿರ್ದಿಷ್ಟ ಆಪರೇಷನ್. ತುಟಿಗೆ ಹಚ್ಚುವ ವಸ್ತುವಿಗೂ ತುಟಿಯ ಚಿಕಿತ್ಸೆಗೂ ನಂಟಿದೆ. ಹೀಗೆ ಬಿಗಿಯಾಗಿದ್ದರೆ ಕೊಳ್ಳುವವರಿಗೆ ಪ್ರಶ್ನೆ ಕೇಳುವುದೂ ಸುಲಭ. 2006ರಲ್ಲಿ ಪ್ಯಾಂಪರ್ಸ್ ಮತ್ತು ಯುನಿಸೆಫ್ ಶುರುಮಾಡಿದ "ಒಂದು ಪ್ಯಾಕಿಗೆ ಒಂದು ಲಸಿಕೆ" ಕೂಡ ಅದೇ ಜಾತಿಯದು. ತಾಯಿ ಮತ್ತು ನವಜಾತ ಶಿಶುವನ್ನು ಧನುರ್ವಾಯುವಿನಿಂದ ಕಾಪಾಡುವ ಲಸಿಕೆಗೆ ಹಣ. ಲೆಕ್ಕ ಒಂದೇ ಸಾಲಿನಲ್ಲಿ ಮುಗಿಯಿತು.

"ಸಮಾಜದ ಆರೋಗ್ಯಕ್ಕೆ ನಮ್ಮ ಕಿರುಕಾಣಿಕೆ" ಎಂದಷ್ಟೇ ಬರೆದಿದ್ದರೆ ಅದು ಜಾಹೀರಾತು. ಅಂಗಡಿಯವರನ್ನು ಕೇಳಿದರೆ "ನಮಗೆಂತ ಗೊತ್ತು, ಕಂಪನಿಯವ್ರು ಬರೆದದ್ದು" ಎನ್ನುತ್ತಾರೆ. ಅವರ ಮಾತು ಸರಿ. ಪೊಟ್ಟಣದ ಮೇಲಿರುವ ಗ್ರಾಹಕ ಸೇವಾ ನಂಬರಿಗೆ ಫೋನು ಹಾಕಿ.

3. ನಿಮ್ಮಿಂದ ಮಾಡಿಸುವ ಕೆಲಸ ಎಷ್ಟು ನೋಡಿ

ಅಮೆರಿಕದಲ್ಲಿ ಯೋಪ್ಲೇ ಮೊಸರಿನ ಕಂಪನಿ ಸ್ತನ ಕ್ಯಾನ್ಸರ್ ನಿಧಿಗೆ ಗುಲಾಬಿ ಮುಚ್ಚಳಕ್ಕೆ 10 ಸೆಂಟಿನಂತೆ ಕೊಡುತ್ತಿತ್ತು. ಗ್ರಾಹಕರು ಮುಚ್ಚಳ ತೊಳೆದು ಅಂಚೆಯಲ್ಲಿ ಕಳಿಸಬೇಕಿತ್ತು. ಒಂದೇ ಮುಚ್ಚಳ ಕಳಿಸಿದವರಿಗೆ ಅಂಚೆಚೀಟಿಯ ಖರ್ಚೇ ಅದಕ್ಕಿಂತ ಹೆಚ್ಚು. ಅಲ್ಲಿನ ಬ್ರೆಸ್ಟ್ ಕ್ಯಾನ್ಸರ್ ಆ್ಯಕ್ಷನ್ ಎಂಬ ಸಂಘಟನೆ 2002ರಲ್ಲಿ, ಗುಲಾಬಿ ರಿಬ್ಬನ್ ಕಂಡ ಕೂಡಲೇ ಪರ್ಸು ತೆಗೆಯಬೇಡಿ, ಮೊದಲು ಪ್ರಶ್ನೆ ಕೇಳಿ ಎಂಬ ಅಭಿಯಾನವನ್ನೇ ಹೂಡಿತು. ನಮ್ಮಲ್ಲಿ ಮುಚ್ಚಳದ ಬದಲು ಕೋಡ್ ಸ್ಕ್ಯಾನ್ ಮಾಡಿ, ಮೊಬೈಲ್ ನಂಬರ್ ಕೊಡಿ, ಫೋಟೋ ಹಂಚಿಕೊಳ್ಳಿ ಎನ್ನುತ್ತಾರೆ. ಕೊಡುವ ಮನಸ್ಸಿರುವ ಕಂಪನಿ ಬಿಲ್ಲಾದ ಕೂಡಲೇ ಕೊಡುತ್ತದೆ. ನಿಮ್ಮ ನಂಬರು ಅದಕ್ಕೆ ಯಾಕೆ?

4. ರೋಗಿಯ ಕೈಯಿಂದ ಬಂದದ್ದಕ್ಕೆ ಮೊದಲ ಮಣೆ

ರೋಗಿಗಾಗಿ ಮಾರುವ ವಸ್ತುವಿಗಿಂತ ರೋಗಿಯೇ, ಅವರ ಮನೆಯವರೇ ತಯಾರಿಸಿದ ವಸ್ತು ಮೇಲು. ಹಣ ಹೋಗುವ ದಾರಿ ಅಲ್ಲಿ ಮೊಳದಷ್ಟೇ. ಮುಂಬಯಿಯಲ್ಲಿ 1969ರಲ್ಲಿ ಹುಟ್ಟಿದ ಕ್ಯಾನ್ಸರ್ ಪೇಷಂಟ್ಸ್ ಏಡ್ ಅಸೋಸಿಯೇಷನ್ ತನ್ನ ಪುನರ್ವಸತಿ ಕೇಂದ್ರದಲ್ಲಿ ಕ್ಯಾನ್ಸರ್ ರೋಗಿಗಳು ಮತ್ತು ಅವರ ಮನೆಯವರಿಂದ ಹಣತೆ, ಚೀಲ, ಕಾಗದದ ಸಾಮಾನು ಮಾಡಿಸಿ ಮಾರುತ್ತದೆ. ಬೆಂಗಳೂರಿನ ಸುಮನಹಳ್ಳಿಯಲ್ಲಿ ಕುಷ್ಠರೋಗದಿಂದ ಗುಣವಾದವರಿಗೆ ಚರ್ಮದ ಸಾಮಾನು ಮಾಡುವ ಕೆಲಸ ಕಲಿಸಿದ್ದಾರೆ. ದೀಪಾವಳಿಗೆ ಕಂಪನಿಗಳು ಉಡುಗೊರೆ ಹಂಚುತ್ತವಲ್ಲ, ಬೆಂಗಳೂರು-ಮುಂಬಯಿಯ ಆಫೀಸುಗಳಲ್ಲಿರುವ ನಮ್ಮೂರ ಹುಡುಗರು ಆಗ ಇಂಥ ಕಡೆ ಒಂದು ಆರ್ಡರು ಕೊಡಿಸಬಹುದು.

ನಮ್ಮ ಮನೆಬಾಗಿಲಲ್ಲೇ ಇರುವ ಮಾತು ಬೇರೆ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದ್ದು ಕಾಸರಗೋಡು, ದಕ್ಷಿಣ ಕನ್ನಡದ ಕಥೆ ಎಂದು ಎಷ್ಟೋ ಜನ ತಿಳಿದಿದ್ದಾರೆ. ಆದರೆ ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲ್ಲೂಕುಗಳಲ್ಲಿ ಅದರ ಸಂತ್ರಸ್ತರಿದ್ದಾರೆ. ಸುಪ್ರೀಂ ಕೋರ್ಟು 2011ರಲ್ಲಿ ಆ ವಿಷವನ್ನು ನಿಷೇಧಿಸಿತು. ಹಾಸಿಗೆ ಹಿಡಿದ ಮಕ್ಕಳು ದೊಡ್ಡವರಾಗಿದ್ದಾರೆ, ನೋಡಿಕೊಳ್ಳುವ ತಾಯಂದಿರಿಗೆ ವಯಸ್ಸಾಗಿದೆ. ಅಂಥ ಮನೆಯ ತಾಯಿ ಕೂಲಿಗೆ ಹೋಗಲಾರಳು, ಆದರೆ ಮನೆಯಲ್ಲೇ ಕೂತು ಹಪ್ಪಳ ಒತ್ತಬಲ್ಲಳು, ಹೊಲಿಯಬಲ್ಲಳು, ಹೂ ಕಟ್ಟಬಲ್ಲಳು. ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಅಂಥ ಮನೆಗಳು ಗೊತ್ತು. ಅವರ ಮೂಲಕ ಮನೆಯವರ ಒಪ್ಪಿಗೆ ಕೇಳಿ, ಏನು ಮಾಡಿಕೊಡಬಲ್ಲರೆಂದು ತಿಳಿದು, ಪೇಟೆಯ ದರಕ್ಕೇ ಕೊಳ್ಳಿ. ಚೌಕಾಶಿ ಬೇಡ. "ಪಾಪ" ಎಂದು ಹೆಚ್ಚು ಕೊಡುವುದೂ ಬೇಡ, ಪ್ರತಿ ತಿಂಗಳೂ ಕೊಂಡರೆ ಸಾಕು.

5. ಸೀಲು, ಸ್ಟಿಕರುಗಳನ್ನು ಸಣ್ಣದೆನ್ನಬೇಡಿ

1904ರ ಕ್ರಿಸ್‌ಮಸ್ಸಿಗೆ ಡೆನ್ಮಾರ್ಕಿನ ಅಂಚೆ ನೌಕರ ಐನಾರ್ ಹೋಲ್‌ಬೋಲ್ ಪತ್ರದ ಮೇಲೆ ಅಂಟಿಸುವ ಸೀಲೊಂದನ್ನು ಹೊರತಂದ. ಕ್ಷಯ ಹಿಡಿದ ಮಕ್ಕಳ ಆಸ್ಪತ್ರೆಗೆ ಅದರ ಹಣ. ಆ ಉಪಾಯ ಜಗತ್ತನ್ನೆಲ್ಲ ಸುತ್ತಿತು. 1939ರಲ್ಲಿ ಆರಂಭವಾದ ನಮ್ಮ ಕ್ಷಯರೋಗ ನಿವಾರಣಾ ಸಂಘ 1950ರಿಂದ ಟಿಬಿ ಸೀಲು ಮಾರುತ್ತಿದೆ. ಗಾಂಧಿ ಜಯಂತಿಯಂದು ಅಭಿಯಾನ ಶುರುವಾಗುತ್ತದೆ. ಸೀಲಿಗೆ ತಯಾರಿಕೆಯ ಖರ್ಚು ಹೆಚ್ಚೇನಿಲ್ಲ, ಹಾಗಾಗಿ ಕೊಟ್ಟ ಹಣದಲ್ಲಿ ಬಹುಪಾಲು ಉಳಿಯುತ್ತದೆ. ನೋಡಲು ಅಂದವಾದ ಮಗ್ಗು, ಟೀಶರ್ಟುಗಳಿಗಿಂತ ಈ ಲೆಕ್ಕದಲ್ಲಿ ಬಡಪಾಯಿ ಸೀಲೇ ಗಟ್ಟಿ. ಪತ್ರ ಬರೆಯುವವರು ಕಡಿಮೆಯಾದರು, ನಿಜ. ಮದುವೆ ಕರೆಯೋಲೆ ಇನ್ನೂ ಹಂಚುತ್ತೇವಲ್ಲ.

6. ನೀವೇ ಮಾರುವುದಾದರೆ ಊರಿನ ಮಾಲನ್ನೇ ಮಾರಿ

ಶಾಲೆಯ ಹಳೆ ವಿದ್ಯಾರ್ಥಿಗಳ ಸಂಘ, ಯುವಕ ಮಂಡಳ, ಮಹಿಳಾ ಮಂಡಳದವರು ಯಾರದೋ ಚಿಕಿತ್ಸೆಗೆಂದು ಸಾಮಾನು ಮಾರಲು ಹೊರಟಾಗ ಹೊರಗಿನಿಂದ ಕೀಚೈನು, ಮಗ್ಗು ತರಿಸುತ್ತಾರೆ. ಅರ್ಧ ದುಡ್ಡು ಅಲ್ಲೇ ಘಟ್ಟ ಹತ್ತಿತು. ನಮ್ಮಲ್ಲಿ ಇಲ್ಲದ್ದೇನು? ಬೇಸಿಗೆಯಲ್ಲಿ ಅಳ್ವೆಕೋಡಿ, ಹಂದಿಗೋಣದ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿದ ಕುಮಟಾದ ಸಿಹಿ ಈರುಳ್ಳಿ, ಜೋನಿ ಬೆಲ್ಲ, ಮುರುಗಲು ಪಾನಕ, ಮಿಡಿ ಉಪ್ಪಿನಕಾಯಿ, ಭಟ್ಕಳದ ಮಲ್ಲಿಗೆ, ಹಲಸಿನ ಹಪ್ಪಳ. ಇವನ್ನು ಕೊಳ್ಳಲು ಯಾರಿಗೂ ಒತ್ತಾಯ ಮಾಡಬೇಕಿಲ್ಲ. ಬೆಂಗಳೂರಿನಲ್ಲಿರುವ ನಮ್ಮವರಂತೂ ಕೊರಿಯರ್ ಖರ್ಚು ಕೊಟ್ಟು ತರಿಸಿಕೊಳ್ಳುತ್ತಾರೆ.

ಹಪ್ಪಳದ್ದೇ ಲೆಕ್ಕ ಹಾಕೋಣ. ಬಲಿತ ಹಲಸಿನಕಾಯಿ ಕೊಯ್ದು, ಮೇಣ ಒರೆಸಿ, ತೊಳೆ ಬಿಡಿಸಿ, ಬೇಯಿಸಿ, ಉಪ್ಪು-ಖಾರ ಹಾಕಿ ಬೀಸಿ, ಉಂಡೆ ಕಟ್ಟಿ, ಒತ್ತಿ, ಚಾಪೆಯ ಮೇಲೆ ಒಣಗಿಸಿ, ಮಧ್ಯಾಹ್ನ ಮಗುಚಿಹಾಕಿ, ಕಾಗೆ ಕಾದು, ಮೋಡ ಕಂಡರೆ ಒಳಗೆ ಓಡಿಸಿ. ಇಷ್ಟಕ್ಕೂ ಆಳು ಬೇಕು. "ಹೆಂಗಸರು ಪುಕ್ಕಟೆ ಮಾಡಿಕೊಡ್ತಾರೆ" ಎಂದು ಹೊರಟ ಮಾರಾಟ ಎರಡನೇ ವರ್ಷಕ್ಕೆ ನಿಲ್ಲುತ್ತದೆ. ಕಟ್ಟೊಂದಕ್ಕೆ 60 ರೂಪಾಯಿ ಇಟ್ಟಿರಿ ಎನ್ನಿ. ಸಾಮಗ್ರಿ, ಕವರಿಗೆ 15, ಮಾಡಿದವರ ಕೂಲಿಗೆ 25 ಹೋದರೆ 20 ಉಳಿಯಿತು. ನೂರು ಕಟ್ಟಿಗೆ 2,000 ರೂಪಾಯಿ. ಹಾಗಿದ್ದರೆ ಕವರಿನ ಮೇಲೆ "ಇದರಲ್ಲಿ 20 ರೂಪಾಯಿ ಚಿಕಿತ್ಸೆಗೆ, 25 ರೂಪಾಯಿ ಹಪ್ಪಳ ಮಾಡಿದವರಿಗೆ" ಎಂದೇ ಬರೆಯಿರಿ. ಇಷ್ಟು ಬಿಚ್ಚಿ ಹೇಳಿದವರ ಬಳಿ ಜನ ಎರಡು ಕಟ್ಟು ಹೆಚ್ಚೇ ಕೊಳ್ಳುತ್ತಾರೆ ಎಂದು ನನ್ನ ನಂಬಿಕೆ.

"ಲಾಭವೆಲ್ಲ ರೋಗಿಗೆ" ಎನ್ನುವುದಕ್ಕೂ "ಕಟ್ಟಿಗೆ 20 ರೂಪಾಯಿ ರೋಗಿಗೆ" ಎನ್ನುವುದಕ್ಕೂ ವ್ಯತ್ಯಾಸವಿದೆ. ಖರ್ಚು ಏರಿದರೆ ಲಾಭ ಸೊನ್ನೆಯೂ ಆದೀತು. ಲಾಭವೆಲ್ಲ ಕೊಟ್ಟೂ ಗೆದ್ದವರಿದ್ದಾರೆ: ನಟ ಪಾಲ್ ನ್ಯೂಮನ್ 1982ರಲ್ಲಿ ಸಲಾಡ್ ಡ್ರೆಸ್ಸಿಂಗ್ ಕಂಪನಿ ತೆಗೆದು ಲಾಭವನ್ನೆಲ್ಲ ದಾನಕ್ಕಿಟ್ಟ, ಗಂಭೀರ ಕಾಯಿಲೆಯ ಮಕ್ಕಳಿಗೆ ಶಿಬಿರ ಕಟ್ಟಿದ. ಆದರೆ ಅವನ ಹಿಂದೆ ದೊಡ್ಡ ವ್ಯಾಪಾರವಿತ್ತು. ಯುವಕ ಮಂಡಳಕ್ಕೆ ಕಟ್ಟಿನ ಲೆಕ್ಕವೇ ಕ್ಷೇಮ.

ತಿನ್ನುವ ಪದಾರ್ಥ ನಿಯಮಿತವಾಗಿ ಮಾರುವುದಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, 14 ಅಂಕಿಯ ಆ ಸಂಖ್ಯೆ, ತಯಾರಿಸಿದ ದಿನ, ತೂಕ ಕವರಿನ ಮೇಲೆ ಹಾಕಿ. ಈಗಾಗಲೇ ನೋಂದಣಿ ಇರುವ ಸ್ವಸಹಾಯ ಸಂಘದಿಂದ ಕೊಂಡು ಮಾರುವುದು ಇನ್ನೂ ಹಗುರ.

7. ಲಕ್ಕಿ ಡ್ರಾ ಬೇಡ

ಕೂಪನ್ ಹರಿದು ಬೈಕು, ಫ್ರಿಜ್ಜು ಇಡುವ ಆಸೆ ಎಲ್ಲ ಸಂಘಟಕರಿಗೂ ಬರುತ್ತದೆ. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧವಿದೆ. ರೋಗಿಯ ಹೆಸರು ಪೊಲೀಸ್ ಸ್ಟೇಷನ್ನಿನ ಕಾಗದಕ್ಕೆ ಹೋಗುವುದು ಯಾರಿಗೆ ಬೇಕು?

8. ಸಹಾಯಾರ್ಥ ಆಟದ ಟಿಕೆಟನ್ನೂ ಸಾಮಾನಿನಂತೆಯೇ ನೋಡಿ

ಕೆರೆಮನೆ, ಚಿಟ್ಟಾಣಿಯವರ ಸೀಮೆ ಇದು. ಆಟ ಎಂದರೆ ಟಿಕೆಟು ಹೋಗಿಯೇ ಹೋಗುತ್ತದೆ. ಆದರೆ ಮೇಳದ ವೀಳ್ಯ, ಅತಿಥಿ ಕಲಾವಿದರು, ಟೆಂಟು, ಕುರ್ಚಿ, ಲೈಟು-ಮೈಕು, ಬ್ಯಾನರು, ಊಟ ಕಳೆದು ಉಳಿದದ್ದು ಮಾತ್ರ ರೋಗಿಗೆ. ಟಿಕೆಟು ಮನೆಗೆ ತಂದವರನ್ನು ಒಂದೇ ಪ್ರಶ್ನೆ ಕೇಳಿ: "ಖರ್ಚು ಯಾರು ಹೊತ್ತಿದ್ದಾರೆ?" ಊರಿನ ಇಬ್ಬರು ಉಳ್ಳವರು ಖರ್ಚನ್ನೆಲ್ಲ ವಹಿಸಿಕೊಂಡು, ಟಿಕೆಟಿನ ಹಣ ಪೂರ್ತಿ ಆಸ್ಪತ್ರೆಗೆ ಎಂದಾದರೆ ನಾಲ್ಕು ಟಿಕೆಟು ತೆಗೆದುಕೊಳ್ಳಿ. ಹಾಗಲ್ಲದಿದ್ದರೆ ಆಟದ ಸುಖಕ್ಕೆ ಒಂದು ಟಿಕೆಟು, ರೋಗಿಗೆ ಬೇರೆ ಹಣ. ಪ್ರದರ್ಶನ ಮುಗಿದ ವಾರದೊಳಗೆ ಜಮಾ-ಖರ್ಚನ್ನು ಗ್ರೂಪಿಗೆ ಹಾಕುವ ಸಂಘಟಕರಿಗೆ ಮುಂದಿನ ಸಲ ಕೇಳುವ ಮೊದಲೇ ಕೊಡಿ.

9. ಬಿಲ್ಲು ರಶೀದಿಯಲ್ಲ

ಚಾರಿಟಿ ಸಾಮಾನು ಕೊಂಡ ಬಿಲ್ಲಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುವುದಿಲ್ಲ. ನೀವು ಕೊಟ್ಟದ್ದು ವಸ್ತುವಿನ ಬೆಲೆ. ನಾವು 80ಜಿ ಎಂದು ಕರೆಯುತ್ತ ಬಂದ ವಿನಾಯಿತಿ ಬೇಕಾದರೆ ನೋಂದಾಯಿತ ಸಂಸ್ಥೆಗೆ ನೇರ ದೇಣಿಗೆ ಕೊಟ್ಟು ರಶೀದಿ, ಪ್ರಮಾಣಪತ್ರ ಪಡೆಯಬೇಕು. 2,000 ರೂಪಾಯಿಗಿಂತ ಹೆಚ್ಚಿನದನ್ನು ನಗದಾಗಿ ಕೊಟ್ಟರೆ ಅದೂ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ವಿನಾಯಿತಿಯೇ ಇಲ್ಲ.

ಭಟ್ಕಳದ ಓದುಗರಿಗೆ ಒಂದು ಮಾತು. ಝಕಾತಿನ ಲೆಕ್ಕಕ್ಕೆ ಇಂಥ ಖರೀದಿಯನ್ನು ಹಿಡಿಯುವ ಮೊದಲು ಜಮಾತಿನ ಬಲ್ಲವರನ್ನು ಕೇಳಿ. ಅರ್ಹರ ಕೈಗೆ ನೇರ ಮುಟ್ಟಿಸುವುದೇ ಅದರ ಕ್ರಮ, ಅಂಗಡಿಯ ಸರಕು ಅಲ್ಲಿ ಸಲ್ಲದು.

10. ಕಂಪನಿಯ ಪಾಲನ್ನೂ ಕೇಳಿ

ಇಷ್ಟಕ್ಕೂ ಈ ದಾನ ಯಾರದು? 1983ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಲಿಬರ್ಟಿ ಪ್ರತಿಮೆಯ ದುರಸ್ತಿಗೆಂದು ಕಾರ್ಡ್ ಬಳಸಿದಾಗಲೆಲ್ಲ ಒಂದು ಸೆಂಟು ಎತ್ತಿಟ್ಟಿತು. 17 ಲಕ್ಷ ಡಾಲರ್ ಕೂಡಿತು, ಕಾರ್ಡಿನ ವ್ಯಾಪಾರವೂ ಏರಿತು. ಆಗಿನಿಂದ ಇದು ಮಾರಾಟದ ಒಂದು ವಿದ್ಯೆ. ವ್ಯಾಪಾರ ಎಂದು ತಿಳಿದೇ ಕೊಂಡರೆ ತಪ್ಪೇನಿಲ್ಲ.

ನಮ್ಮ 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕು. ಸ್ವಂತ ಸರಕಿನ ಪ್ರಚಾರದ ಲಾಭಕ್ಕೆಂದು ಕೊಡುವ ಪ್ರಾಯೋಜಕತ್ವ ಆ ಲೆಕ್ಕಕ್ಕೆ ಬರುವುದಿಲ್ಲ ಎಂದು 2021ರ ತಿದ್ದುಪಡಿ ಸ್ಪಷ್ಟ ಮಾಡಿದೆ. ಆದ್ದರಿಂದ "ಈ ಹಣ ನಿಮ್ಮ ಕಡ್ಡಾಯದ ಎರಡು ಶೇಕಡಾದ ಒಳಗೋ, ಅದರ ಮೇಲೋ?" ಎಂದು ಕಂಪನಿಗೆ ಒಂದು ಮಿಂಚಂಚೆ ಬರೆದು ನೋಡಿ. ಉತ್ತರ ಬಂದರೆ ಆ ಕಂಪನಿಯ ಸಾಬೂನಿಗೆ ನಿಷ್ಠರಾಗಿರಿ. ಬರದಿದ್ದರೂ ಒಂದು ಉತ್ತರ ಸಿಕ್ಕಂತೆಯೇ. ಪೊಟ್ಟಣದ ಮೇಲಿನ ಮಾತು ಸುಳ್ಳೆಂದು ಗೊತ್ತಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.

11. ದಾನವೂ ಮದ್ದೂ ಒಂದೇ ಬಾಟಲಿಯಲ್ಲಿದ್ದರೆ ದೂರವಿರಿ

ಪರಿಚಯದವರೇ ಮನೆಗೆ ಬರುತ್ತಾರೆ. ಕೈಯಲ್ಲಿ ದುಬಾರಿ ಜ್ಯೂಸಿನ ಬಾಟಲಿ. ಕುಡಿದರೆ ಶುಗರು ಇಳಿಯುತ್ತದೆ, ಗಡ್ಡೆ ಕರಗುತ್ತದೆ, ಲಾಭದಲ್ಲಿ ಒಂದು ಪಾಲು ಕ್ಯಾನ್ಸರ್ ಮಕ್ಕಳಿಗೆ, ನೀವೂ ಮೂವರನ್ನು ಸೇರಿಸಿದರೆ ಕಮಿಷನ್. ಒಂದೇ ಉಸಿರಿನಲ್ಲಿ ಇಷ್ಟೂ ಬಂತೆಂದರೆ ಕಾಫಿ ಕೊಟ್ಟು ಕಳಿಸಿ. ಕ್ಯಾನ್ಸರ್, ಮಧುಮೇಹದಂಥ ಕಾಯಿಲೆ ಗುಣಪಡಿಸುತ್ತೇವೆಂದು ಜಾಹೀರಾತು ಮಾಡುವುದನ್ನು 1954ರ ಕಾಯ್ದೆಯೇ ತಡೆದಿದೆ. ಇಂಥದ್ದನ್ನು ನಂಬಿ ಮಾತ್ರೆ ಬಿಟ್ಟವರ ಚಿಕಿತ್ಸೆಗೆ ಮತ್ತೆ ನಾವೇ ಹಣ ಎತ್ತಬೇಕಾಗುತ್ತದೆ.

12. ಉಳಿದದ್ದನ್ನು ಪಿಗ್ಮಿಗೆ ಕಟ್ಟಿ

ಇಷ್ಟೆಲ್ಲ ನೋಡಿ ಕೊಂಡರೂ ಒಂದು ಮನೆಯ ತಿಂಗಳ ಸಾಮಾನಿನಿಂದ ರೋಗಿಗಳಿಗೆ ಹೋಗುವುದು ಕೆಲವೇ ರೂಪಾಯಿ. ಮಿಕ್ಕ ಕೆಲಸಕ್ಕೆ ನಮ್ಮ ಕರಾವಳಿಯದೇ ಉಪಾಯವಿದೆ. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದಾದ ಸಂಸ್ಥೆಯವರು ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಿಗೆ ಬಂದು ಸಂಗ್ರಹಿಸುವ ಪಿಗ್ಮಿ ಠೇವಣಿ ಶುರುಮಾಡಿದರು. ಅದರ ಹಿಂದಿದ್ದ ಡಾ. ಟಿ.ಎಂ.ಎ. ಪೈಯವರೇ 1953ರಲ್ಲಿ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಕಟ್ಟಿದ್ದು. ಈಗಲೂ ಪೇಟೆಯ ಸಹಕಾರಿ ಸಂಘಗಳ ಪಿಗ್ಮಿಯವರು ಸಂಜೆ ಅಂಗಡಿ ಅಂಗಡಿಗೆ ಬರುತ್ತಾರೆ. ಹತ್ತು ಅಂಗಡಿಯವರು ಸೇರಿ, ಚಿಕಿತ್ಸೆಗೆಂದೇ ದಿನಕ್ಕೆ ತಲಾ 10 ರೂಪಾಯಿ ಕಟ್ಟಿದರೆ ವರ್ಷಕ್ಕೆ 36,500. ಇಬ್ಬರ ಸಹಿಯಿಲ್ಲದೆ ಹಣ ತೆಗೆಯುವಂತಿಲ್ಲ ಎಂದು ಮೊದಲೇ ಬರೆದಿಟ್ಟುಕೊಳ್ಳಿ.

ತೆಗೆಯುವ ದಿನ ಬಂದಾಗ ಮೊದಲು ರೋಗಿಯ ಕಾರ್ಡು ಕೇಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ತುರ್ತಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಕಾಗದ ಬೇಕು. ಗಡಿಬಿಡಿಯಲ್ಲಿ ಅದನ್ನು ಬಿಟ್ಟು ಹೋದವರ ಬಿಲ್ಲಿಗೇ ಊರವರು ಹೆಚ್ಚು ಹಣ ಎತ್ತುವುದು. ಕಾರ್ಡಿನಲ್ಲಿ ಆಗುವುದು ಎಷ್ಟು, ಆಗದ್ದು ಎಷ್ಟು ಎಂದು ಆಸ್ಪತ್ರೆಯ ಆರೋಗ್ಯಮಿತ್ರರಿಂದ ತಿಳಿದು, ಬಾಕಿಯನ್ನು ಯಾರದೋ ಫೋನ್ ಪೇ ನಂಬರಿಗೆ ಹಾಕದೆ, ಒಳರೋಗಿ ಸಂಖ್ಯೆ ನಮೂದಿಸಿ ಆಸ್ಪತ್ರೆಯ ಖಾತೆಗೇ ಕಟ್ಟಿ. ಜೊತೆಗಿರುವವರ ಊಟ, ಬಸ್ಸಿನ ಖರ್ಚಿಗೆ ಸ್ವಲ್ಪ ನಗದು ಬೇರೆ ಕೊಡಿ. ಅದನ್ನು ಸಾಮಾನ್ಯವಾಗಿ ಯೋಜನೆಗಳು ಕೊಡುವುದಿಲ್ಲ, ಕೇಳಲು ಅವರಿಗೆ ಬಾಯಿ ಬರುವುದಿಲ್ಲ.